ಕಾಲಡಿಯ ನೀರು

ಹಳೆಯ ಪೈಪು ಎಲ್ಲಿ ಹಾದುಹೋಗಿದೆ ಎಂಬುದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಗೇಂದ್ರಪ್ಪನ ಪಾದಗಳಿಗೆ ಮಾತ್ರ ಗೊತ್ತಿತ್ತು. ಚಳ್ಳಕೆರೆಯಿಂದ ಬಂದಿದ್ದ ಪ್ಲಂಬರ್ ಮಾರುತೇಶ ಬೆಳಗಿನಿಂದ ಹಿಂದಿನ ಬಚ್ಚಲಿನಿಂದ ಬೀದಿಬಾಗಿಲಿನವರೆಗೆ ಸಲಾಕೆಯಿಂದ ನೆಲ ಕುಟ್ಟುತ್ತ, ಕುಟ್ಟಿದಲ್ಲೆಲ್ಲ ಬಗ್ಗಿ ಕಿವಿಗೊಟ್ಟು, ಪ್ರತಿ ಸಲವೂ 'ಇಲ್ಲೇ ಐತೆ' ಎನ್ನುತ್ತಿದ್ದ. ಅಡುಗೆಮನೆಯಲ್ಲಿ ಇಲ್ಲೇ ಐತೆ, ನಡುಮನೆಯಲ್ಲಿ ಇಲ್ಲೇ ಐತೆ, ದೇವರ ಕೋಣೆಯ ಹೊಸಿಲಿನ ಮುಂದೆಯೂ ಇಲ್ಲೇ ಐತೆ. ಇಷ್ಟೆಲ್ಲ ಕಡೆ ಇರುವ ಪೈಪನ್ನು ಹುಡುಕುವುದಕ್ಕಿಂತ ಅದಕ್ಕೊಂದು ಕಾಯಿ ಒಡೆದು ಕೈಮುಗಿಯುವುದು ಮೇಲು ಎಂದುಕೊಳ್ಳುತ್ತ ನಾಗೇಂದ್ರಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದ. ಅವನ ಎಡ ಹಿಮ್ಮಡಿಯ ಕೆಳಗೆ ಒಂದು ಕಡಪ ಕಲ್ಲು, ಕಲ್ಲಿನ ಕೆಳಗೆ ಬೀಡು ಕಬ್ಬಿಣದ ಪೈಪು. ಹೇಳಿದ್ದರೆ ಅರ್ಧ ದಿನದ ಕುಟ್ಟಾಟ ಉಳಿಯುತ್ತಿತ್ತು. ಕೇಳಿದವರಿದ್ದರೆ ತಾನೇ ಹೇಳುವುದು.

ತಮ್ಮ ಶಶಿಕಾಂತನಿಗೆ ಕೇಳುವ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು. ಅವನು ಈಗ ತಿಳಿಸುವವನು. ಚಳ್ಳಕೆರೆಯಲ್ಲಿ ಸೀರೆ ಅಂಗಡಿ ಇಟ್ಟ ಮೇಲೆ ಗಿರಾಕಿಗೆ ಬಣ್ಣ ತಿಳಿಸುವ ಹಾಗೆಯೇ ಮನೆಯವರಿಗೂ ತಿಳಿಸುತ್ತಾನೆ: ಮಗ ವೀರೇಶನ ಮದುವೆ ಮಾಘದಲ್ಲಿ. ಹುಡುಗಿ ತೇಜಶ್ರೀ ಕುದಾಪುರದ ವಿಜ್ಞಾನ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವವಳು. ಹಂಡೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಸ್ನಾನ ಮಾಡುವವಳಲ್ಲ. ಆದ್ದರಿಂದ ಮಹಡಿಯ ಮುಂಭಾಗದ ಕೋಣೆಗೆ ಹೊಸ ಬಚ್ಚಲು, ಗೀಸರು, ಗೋಡೆಗೆ ಎದೆಮಟ್ಟ ಹಸಿರು ಟೈಲ್ಸು. ಹಿಂದಿನ ಹಳೇ ಬಚ್ಚಲು ಉಗ್ರಾಣ. ಎಲ್ಲ ನಿರ್ಧಾರವಾಗಿ, ಟೈಲ್ಸೂ ಅಂಟಿ, ಕನ್ನಡಿಯೂ ನೇತುಬಿದ್ದ ಮೇಲೆ, ಅಲ್ಲಿ ಸ್ನಾನ ಮಾಡಿದ ನೀರು ಎಲ್ಲಿಗೆ ಹೋಗಬೇಕು ಎಂಬ ಯೋಚನೆ ಬಂದಿತ್ತು. ಮನುಷ್ಯ ಹೊಲಸಾಗುತ್ತಾನೆ ಎಂಬುದನ್ನು ಕೊನೆಗೆ ನೆನಪು ಮಾಡಿಕೊಳ್ಳುವುದೇ ದೊಡ್ಡಸ್ತಿಕೆ ಇರಬೇಕು. ಮೊಳಕಾಲ್ಮುರಿನ ನೇಕಾರರ ಬೀದಿಯ ಮನೆಗಳೆಲ್ಲ ಒಂದರ ಗೋಡೆಗೆ ಇನ್ನೊಂದು ಬೆನ್ನು ಆನಿಸಿಕೊಂಡು ಕೂತವು, ಪಕ್ಕದಲ್ಲಿ ಬೆಕ್ಕು ನುಗ್ಗುವಷ್ಟೂ ಸಂದಿಯಿಲ್ಲ. ಹಿಂದೆ ಬಂಡೆಗುಡ್ಡ, ಚರಂಡಿ ಇರುವುದು ಮುಂದಿನ ಬೀದಿಗೆ ಮಾತ್ರ. ಹಿಂದಿನ ಬಚ್ಚಲ ನೀರು ಇಡೀ ಮನೆಯ ಹೊಟ್ಟೆಯೊಳಗೆ ಹಾದೇ ಬೀದಿ ಸೇರಬೇಕು. ಹೊಸ ನೀರು ಆ ಹಳೆಯ ಪೈಪಿಗೇ ಎಲ್ಲಾದರೂ ಒಂದು ಕಡೆ ಸೇರಿಕೊಳ್ಳಬೇಕು. ಆದರೆ ಹಳೆಯದರ ಮೇಲೆ ಎಲ್ಲ ಕಡೆಯೂ ಮೊಣಕಾಲುದ್ದ ಮಣ್ಣು, ಮಣ್ಣಿನ ಮೇಲೆ ಕಾಂಕ್ರೀಟು, ಕಾಂಕ್ರೀಟಿನ ಮೇಲೆ ಶಶಿಕಾಂತ ರಾಜಸ್ಥಾನದಿಂದ ತರಿಸಿದ ಕಲ್ಲು.

ಎಲ್ಲ ಕಡೆಯೂ, ಒಂದು ಕಡೆ ಬಿಟ್ಟು.

ಅಪ್ಪ ಅಂದು ಮಗ್ಗದಿಂದ ಎದ್ದಿರಲಿಲ್ಲ, ಅಷ್ಟೇ. ಬೀದಿಗೆ ಚರಂಡಿ ಬಂದ ವರ್ಷ ಪೈಪಿನ ಕಾಲುವೆ ತೋಡುತ್ತ ಬಂದ ಆಳುಗಳು ಮಗ್ಗದ ಕೋಣೆಗೆ ಮುಟ್ಟಿದಾಗ ನೇರ ಗೆರೆಯಲ್ಲಿ ಗುಂಡಿ, ಗುಂಡಿಯಲ್ಲಿ ಅಪ್ಪನ ಕಾಲು. ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಅರ್ಧಕ್ಕೆ ಬಂದಿತ್ತು. 'ನಿಮ್ಮ ಕೆಲಸ ನೀವು ಮಾಡ್ರಪ್ಪ, ನನ್ನ ಕೆಲಸ ನಾನು ಮಾಡ್ತೀನಿ' ಎಂದನಂತೆ. ಅವರು ಕೈದಿಗೆ ಕೋಳ ಹಾಕುವವರಂತೆ ಅವನ ಎರಡು ಪಾದಗಳ ನಡುವೆ ಪೈಪು ತೂರಿಸಿ, ಮೇಲೊಂದು ಕಡಪ ಕಲ್ಲು ಹೊದಿಸಿ ಹೋದರು. ಸಾಯುವತನಕ ಅದನ್ನು ಗೆದ್ದ ಯುದ್ಧದ ಹಾಗೆ ಹೇಳಿಕೊಳ್ಳುತ್ತಿದ್ದ ಮುದುಕ. ಗೆದ್ದದ್ದು ಏನನ್ನು. ಅಂದಿನಿಂದ ಮನೆಮಂದಿ ಮೈಮೇಲಿಂದ ತೊಳೆದು ಬಿಟ್ಟದ್ದೆಲ್ಲ ಮಗ್ಗದಲ್ಲಿ ಕೂತವನ ಕಾಲಡಿಗೇ ಹರಿಯಿತು. ನಾಗೇಂದ್ರಪ್ಪ ಅಪ್ಪನ ಜಾಗಕ್ಕೆ ಇಳಿದ ಮೇಲೆ ಯಾರ ನೀರು ಯಾವುದು ಎಂದು ಪಾದದಿಂದಲೇ ಹೇಳಬಲ್ಲವನಾದ. ವೀರೇಶನದು ಸಿಟ್ಟಿನಿಂದ ಎತ್ತಿ ಹಾಕಿದ ಹಾಗೆ ದಬದಬ. ಶಶಿಕಾಂತನದು ಚೊಂಬು, ಕೆಮ್ಮು, ಚೊಂಬು, ಕೆಮ್ಮು. ಚಳಿಗಾಲದಲ್ಲಿ ಇವೆಲ್ಲಕ್ಕಿಂತ ಮೊದಲು, ಕೋಳಿ ಕೂಗುವ ಹೊತ್ತಿಗೆ, ಇನ್ನೊಂದು ಬರುತ್ತದೆ: ಚೊಂಬಿನ ಸದ್ದಿಲ್ಲದೆ, ಸೋಪಿನ ವಾಸನೆಯಿಲ್ಲದೆ, ಒಂದೇ ಸಮನೆ ಸುರಿದ ಬಿಸಿನೀರು. ಕಲ್ಲು ನಿಧಾನಕ್ಕೆ ಬೆಚ್ಚಗಾಗುತ್ತದೆ. ಆಗ ಅವನು ಎರಡೂ ಪಾದ ಒತ್ತಿ, ಉಸಿರು ಹಿಡಿದು, ಯಾರಾದರೂ ನೋಡಿಯಾರೆಂಬಂತೆ ಬಾಗಿಲ ಕಡೆ ಕಣ್ಣಿಟ್ಟು ಕೂರುತ್ತಾನೆ. ಆಮೇಲೆ ತನಗೆ ತಾನೇ ಮುಖ ಸಿಂಡರಿಸುತ್ತಾನೆ. ಮಂದಿಯ ಬಚ್ಚಲ ನೀರಿನಲ್ಲಿ ಕಾಲು ಕಾಯಿಸಿಕೊಳ್ಳುವ ಗತಿ. ಕದಿಯುವುದಾದರೂ ಏನನ್ನು ಕದಿಯಬೇಕು ಎಂಬ ತಿಳಿವಳಿಕೆ ಬೇಡವೇ ಮನುಷ್ಯನಿಗೆ.

ಮಾರುತೇಶ ಚಪ್ಪಲಿಯನ್ನು ಹೊರಗೇ ಬಿಟ್ಟು ಮಗ್ಗದ ಕೋಣೆಯೊಳಗೆ ಬಂದ. ಚಪ್ಪಲಿ ಬಿಟ್ಟದ್ದಕ್ಕೆ ಕಾರಣ ಭಕ್ತಿಯಿರಲಾರದು, ಹೊಸ ಚಪ್ಪಲಿಗೆ ಧೂಳಾದೀತೆಂಬ ಚಿಂತೆ ಇದ್ದೀತು. ಗುಂಡಿಯೊಳಗೆ ಮೊಬೈಲಿನ ಬೆಳಕು ಬಿಟ್ಟು ಹಿಗ್ಗಿದ.

'ಇಲ್ಲೇ ಐತೆ.'

'ಬೆಳಿಗ್ಗೆಯಿಂದ ಇಲ್ಲೇ ಐತೆ' ಎಂದ ನಾಗೇಂದ್ರಪ್ಪ.

'ಮೊದ್ಲೇ ಹೇಳಬಾರ್ದಾ ಯಜಮಾನ್ರೆ?'

'ನೀನು ದೇವರ ಕೋಣೇಲಿ ಮಾತಾಡಿಸ್ತಿದ್ದೆ ಅದನ್ನ. ನಡುವೆ ಬಾಯಿ ಹಾಕೋದು ಬ್ಯಾಡ ಅಂತ ಸುಮ್ಮನಿದ್ದೆ.'

ಶಶಿಕಾಂತ ಬಂದು ಬಾಗಿಲಲ್ಲಿ ನಿಂತ. ಮಾರುತೇಶ ವಿವರಿಸಿದ. ಮೇಲಿಂದ ಪೈಪನ್ನು ಈ ಮೂಲೆಯಲ್ಲಿ ಇಳಿಸುವುದು, ಗುಂಡಿಯಲ್ಲಿ ಹಳೇ ಪೈಪಿನ ಒಂದು ತುಂಡು ಕತ್ತರಿಸಿ ತೆಗೆದು, ಕವಲು ಇರುವ ಹೊಸ ತುಂಡನ್ನು ಅಲ್ಲಿ ಕೂರಿಸಿ, ಎರಡೂ ಕಡೆ ರಬ್ಬರು ಹಾಕಿ ಬಿಗಿಯುವುದು. ಕೆಲಸವೇನೂ ದೊಡ್ಡದಲ್ಲ. ಆದರೆ ಗರಗಸ ಆಡಿಸಲು ಜಾಗ ಬೇಕು. ಮಗ್ಗ ಎತ್ತಬೇಕು. ಎರಡು ದಿನ.

'ಎರಡೇ ದಿನ ಅಣ್ಣ' ಎಂದ ಶಶಿಕಾಂತ. ಅಂಗಡಿಯಲ್ಲಿ 'ಬಣ್ಣ ಹೋಗಲ್ಲ' ಎನ್ನುವಾಗಿನ ದನಿ ಅದೇ. 'ಆಮೇಲೆ ಮತ್ತೆ ಹಂಗೇ ನಿಲ್ಲಿಸಿಕೊಡ್ತಾರೆ.'

'ಯಾರು ನಿಲ್ಲಿಸ್ತಾರೆ? ಇವನಾ?'

ಎತ್ತಿದ ಮಗ್ಗ ಮತ್ತೆ ಇಳಿಯುವುದಿಲ್ಲ ಎಂಬುದು ನಾಗೇಂದ್ರಪ್ಪನಿಗೆ ಖಚಿತವಿತ್ತು. ಬೀದಿಯಲ್ಲಿ ಎಷ್ಟು ಮನೆಯಲ್ಲಿ ಎರಡೇ ದಿನಕ್ಕೆಂದು ಎತ್ತಿದ್ದು ಅಟ್ಟ ಸೇರಿಲ್ಲ. ಕಂಬ ಬಿಚ್ಚಿದರೆ ಹಾಸಿನ ಎಳೆಗಳ ಬಿಗಿ ಹೋಗುತ್ತದೆ, ಮತ್ತೆ ಎಳೆ ಎಳೆಗೂ ಗಂಟು ಹಾಕುವ ಕಣ್ಣು ತನಗೆ ಉಳಿದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಕಣ್ಣಿನ ಆಸ್ಪತ್ರೆಯ ಮಾತು ಬರುತ್ತದೆ, ಕರುಣೆ ಬರುತ್ತದೆ, ಇನ್ನು ಸಾಕು ಬಿಡಣ್ಣ ಎಂಬುದು ಬರುತ್ತದೆ. ಮಗ್ಗ ಹೋದ ಮೇಲೆ ಈ ಮನೆಯಲ್ಲಿ ತಾನು ಯಾರು? ಹೆಂಡತಿ ಸತ್ತವನು, ಮಕ್ಕಳಿಲ್ಲದವನು, ಊಟಕ್ಕೆ ಕೂತಾಗ ತಟ್ಟೆ ಜರುಗಿಸಿ ಜಾಗ ಮಾಡಬೇಕಾದವನು. ಗುಂಡಿಯಲ್ಲಿ ಇರುವವರೆಗೆ ಅವನಿಗೆ ಒಂದು ಜಾಗವಿತ್ತು, ಎಲ್ಲರೂ ಸುತ್ತಿ ಹೋಗಬೇಕಾದ ಜಾಗ. ಮಗ್ಗದ ಮೇಲಿರುವುದು ತೇಜಶ್ರೀಯ ಧಾರೆ ಸೀರೆ, ಹೂವಿನ ಬುಟ್ಟಾಗಳು ಸೆರಗಿನ ಹತ್ತಿರಕ್ಕೆ ಬಂದಿವೆ. ಆ ಹುಡುಗಿ ನಿಶ್ಚಿತಾರ್ಥದ ದಿನ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, 'ದೊಡ್ಡಪ್ಪ, ಕಾಲು ಮರಗಟ್ಟಲ್ವಾ?' ಎಂದು ಕೇಳಿ, ಮುಂದಿನ ಸಲ ಬರುವಾಗ ಉಣ್ಣೆಯ ಕಾಲುಚೀಲ ತಂದಿದ್ದಳು. ತುಳಿಯುವ ಹಲಗೆಯ ಮೇಲೆ ಕಾಲುಚೀಲ. ಲಾಳಿಗೂ ಒಂದು ಟೋಪಿ ಹೆಣೆದು ತರಬೇಕಿತ್ತು. ಕಾಲುಚೀಲವನ್ನು ಗೋಡೆಯ ಗೂಡಿನಲ್ಲಿ ಎಸೆದಿದ್ದ.

'ನಾನು ಏಳೋದಿಲ್ಲ' ಎಂದ. ಹೇಳಿದ ಮೇಲೆ ಅದು ಅಪ್ಪನ ದನಿ ಎಂದು ತಿಳಿದು ಹೇಸಿಕೆಯಾಯಿತು.

'ಹಂಗಾದ್ರೆ ಒಂದೇ ದಾರಿ' ಎಂದ ಮಾರುತೇಶ. 'ಮುಂದಿನ ಗೋಡೆ ಮೇಲೆ ಹೊರಗಡೆಯಿಂದ ಇಳಿಸಿ ಸೀದಾ ಚರಂಡಿಗೆ ಬಿಡೋದು. ಅರ್ಧ ದಿನದ ಕೆಲ್ಸ. ಹಳೇ ಪೈಪಿನ ಉಸಾಬರೀನೇ ಬ್ಯಾಡ.'

'ಮನೆ ಮುಂದೆ ಬಚ್ಚಲು ಪೈಪಾ? ಬೀಗರು ಬಂದು ನಿಂತಾಗ ತಲೆ ಮೇಲೆ ನೀರು ಬೀಳ್ಲಾ?' ಎಂದ ಶಶಿಕಾಂತ. ಮುಂದಿನ ಗೋಡೆಗೆ ಅವನು ಕಂದು ಕಲ್ಲಿನ ಹಲಗೆಗಳನ್ನು ಅಂಟಿಸಿ, ನಡುವೆ ಹಿತ್ತಾಳೆಯ ಅಕ್ಷರಗಳಲ್ಲಿ ತನ್ನ ಹೆಸರು ಬರೆಸಿದ್ದ. ಮನೆ ಅಂಗಡಿಯಂತೆ ಕಾಣಬೇಕು, ಅಂಗಡಿ ಅರಮನೆಯಂತೆ ಕಾಣಬೇಕು.

ಆಗ ನಡುಮನೆಯ ಪರದೆಯ ಹಿಂದಿನಿಂದ ಲಕ್ಷ್ಮೀದೇವಿಯ ದನಿ ಬಂತು. ಶಶಿಕಾಂತನ ಹೆಂಡತಿ ಮದುವೆಯಾಗಿ ಬಂದಂದಿನಿಂದ ಭಾವನ ಎದುರು ನಿಂತು ಮಾತಾಡಿದವಳಲ್ಲ. ಹಿಂದಿನವರ ಪದ್ಧತಿ ಅದು, ಎಲ್ಲರ ಮನೆಯಲ್ಲೂ ಸಡಿಲವಾಗಿ ಹೋದದ್ದು ಈ ಮನೆಯಲ್ಲಿ ಯಾಕೋ ಉಳಿದುಕೊಂಡಿತ್ತು. ಅವನಿಗೆ ಹೇಳಬೇಕಾದದ್ದನ್ನು ಅವಳು ಇನ್ನೊಬ್ಬರಿಗೆ ಹೇಳುತ್ತಾಳೆ, ಯಾರೂ ಇಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಾಳೆ. 'ಊಟ ತಣ್ಣಗಾಗ್ತೈತೆ ಕಣೇ' ಎಂದು ಬೆಕ್ಕನ್ನು ಗದರಿದರೆ ನಾಗೇಂದ್ರಪ್ಪ ಕೈತೊಳೆಯಬೇಕು.

'ಮಾರುತೇಶ, ಅವರಿಗೆ ಹೇಳಪ್ಪ' ಎಂದಳು ಪರದೆಯ ಹಿಂದಿನಿಂದ. 'ಒಳಗಡೆ ಸೇರಿಸಿದ್ರೇ ಒಳ್ಳೇದು ಅಂತ. ಎರಡು ದಿನ ತಡ್ಕಂಡ್ರೆ ಅವರಿಗೇ ಅನುಕೂಲ.'

ನಾಗೇಂದ್ರಪ್ಪನ ಕೈಯಲ್ಲಿ ಲಾಳಿ ನಿಂತಿತು. ಅವಳೂ. ಗಂಡನ ಜೊತೆ ಅವಳೂ ಸೇರಿದಳು. ಅನುಕೂಲವಂತೆ. ಈ ಕೋಣೆಯಲ್ಲಿ ಸೋಫಾ ಹಾಕಿ, ಹೊಸ ಸೊಸೆಯ ಕಡೆಯವರನ್ನು ಕೂರಿಸಿ, ಇಲ್ಲಿ ಮೊದಲು ಮಗ್ಗ ಇತ್ತು ಎಂದು ತೋರಿಸುವ ಅನುಕೂಲ. 'ಮಾರುತೇಶ' ಎಂದ ಅವನೂ, ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ. 'ನನ್ನ ಅನುಕೂಲ ಏನು ಅಂತ ಬೇರೆಯವರು ಚಿಂತೆ ಮಾಡೋದು ಬ್ಯಾಡ ಅಂತ ಹೇಳು. ಅಡುಗೆಮನೇಲಿ ಏನೋ ಹೊತ್ತಿದ ವಾಸನೆ ಬರ್ತೈತೆ, ಅದನ್ನ ನೋಡ್ಕಳ್ಳಿ.'

ಏನೂ ಹೊತ್ತಿರಲಿಲ್ಲ. ಪರದೆಯ ಹಿಂದೆ ಬಳೆಯ ಸದ್ದು ಒಳಗೆ ಹೋಯಿತು. ಮಾರುತೇಶ ಇಬ್ಬರ ನಡುವೆ ತಂತಿಯಾದ ಮುಜುಗರಕ್ಕೆ ಮೊಬೈಲು ನೋಡತೊಡಗಿದ.

ನಾಗೇಂದ್ರಪ್ಪ ಗುಂಡಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ತಟ್ಟೆ ಅಲ್ಲಿಗೇ ಬಂತು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ. ಸೀರೆಗೆ ಧೂಳು ಹಾರದಿರಲೆಂದು ಶಶಿಕಾಂತ ಒಂದು ಹಳೆಯ ಪಂಚೆ ತಂದು ನೇಯ್ದ ಭಾಗದ ಮೇಲೆ ಹೊದಿಸಿದ. ಹೊದಿಸುವಾಗ ಬಟ್ಟೆಯನ್ನು ಎಳೆಯದೆ, ಅಪ್ಪ ಕಲಿಸಿದ ಹಾಗೆ ಎರಡೂ ಅಂಚು ಹಿಡಿದು ಇಳಿಸಿದ. ಅಷ್ಟು ಮಾತ್ರ ಮರೆತಿಲ್ಲ ವ್ಯಾಪಾರಿ. ಸಂಜೆಯ ಹೊತ್ತಿಗೆ ಅವನು ಸೋತ. ಮಗನ ಮದುವೆಯ ಸೀರೆಯನ್ನು ಅರ್ಧಕ್ಕೆ ಬಿಚ್ಚಿಸಿದರೆ ಅಪಶಕುನ ಎಂದು ಯಾರೋ ಹೇಳಿದ್ದರು, ನಾಗೇಂದ್ರಪ್ಪನನ್ನು ಗೆಲ್ಲಿಸಿದ್ದು ಅದೇ, ಅಣ್ಣನ ಮೇಲಿನ ಪ್ರೀತಿಯಲ್ಲ. ಮಾರನೆಯ ದಿನ ಮುಂದಿನ ಗೋಡೆಯ ಮೇಲೆ, ಹಿತ್ತಾಳೆಯ ಹೆಸರಿನ ಪಕ್ಕಕ್ಕೆ, ಬಿಳಿಯ ಪೈಪು ಇಳಿಯಿತು. ಅದಕ್ಕೆ ಕಂದು ಬಣ್ಣ ಹೊಡೆಸಿದರು. ಕಲ್ಲಿನ ಕಂದು ಬೇರೆ, ಬಣ್ಣದ ಕಂದು ಬೇರೆ. ಬೀದಿಯವರು ನಿಂತು ನೋಡಿದರು. ಕಾಲಿಗೆ ರಕ್ತ ಹರಿಯಲೆಂದು ಹೊರಗೆ ಬಂದವನ ಹಾಗೆ ನಾಗೇಂದ್ರಪ್ಪನೂ ಹೋಗಿ ನೋಡಿದ. ಹೊಟ್ಟೆಯಲ್ಲಿದ್ದ ಕರುಳು ಎದೆಯ ಮೇಲೆ ನೇತುಬಿದ್ದ ಹಾಗಿತ್ತು. ಗೆದ್ದದ್ದಕ್ಕೆ ಬೀಡಿ ಹಚ್ಚಿದ. ಬೀಡಿ ಯಾಕೋ ಎರಡು ಸಲ ಆರಿತು.

ಮರುದಿನ ಬೆಳಿಗ್ಗೆ ಮೇಲೆ ಗೀಸರಿನ ದೀಪ ಹೊತ್ತಿತು. ವೀರೇಶನ ದಬದಬ, ಶಶಿಕಾಂತನ ಚೊಂಬು ಮತ್ತು ಕೆಮ್ಮು, ಎಲ್ಲ ಗೋಡೆಯ ಆಚೆ ಬೀದಿಯಲ್ಲಿ ಬಿದ್ದು ಹೋದವು. ಗುಂಡಿಯಲ್ಲಿ ಕಲ್ಲು ಕಲ್ಲಾಗಿತ್ತು. ಪುಷ್ಯದ ಗಾಳಿ ಬಂಡೆಗುಡ್ಡದ ತಣ್ಣಗಿನ ಮೈ ಸವರಿಕೊಂಡು ಬಂದು ಬಾಗಿಲ ಸಂದಿಯಲ್ಲಿ ನುಗ್ಗುತ್ತಿತ್ತು. ಎಡಗಾಲು ಹಲಗೆಯನ್ನು ಹುಡುಕಿ ತಪ್ಪಿತು, ಬುಟ್ಟಾದ ಒಂದು ಎಸಳು ಓರೆಯಾಯಿತು. ಬಿಚ್ಚಿ ಮತ್ತೆ ನೇಯ್ದ. ಇಷ್ಟು ದಿನ ಈ ಮನೆಯವರ ಕೊಳೆ ಕಾಲಡಿ ಹರಿಯುತ್ತದೆಂದು ಬೈದದ್ದೇ ಬೈದದ್ದು, ಈಗ ಹರಿಯುವುದಿಲ್ಲ, ಸಂತೋಷಪಡು ಎಂದುಕೊಂಡ. ಪಾದಗಳು ಆ ಮಾತನ್ನು ಕೇಳಲಿಲ್ಲ. ಅವಕ್ಕೆ ವಿವೇಕವಿಲ್ಲ, ನಾಯಿಯ ಹಾಗೆ ಹೊತ್ತಿಗೆ ಸರಿಯಾಗಿ ಕಾಯುತ್ತವೆ. ಗೂಡಿನಿಂದ ಕಾಲುಚೀಲ ತೆಗೆದು ನೋಡಿದ, ಯಾರೂ ಇಲ್ಲದಿದ್ದರೂ ನಾಚಿಕೆಯಾಗಿ ಮತ್ತೆ ಎಸೆದ.

ಅದರ ಮರುದಿನ ಕೋಳಿ ಕೂಗಿದ ಹೊತ್ತಿಗೆ ನೀರು ಬಂತು.

ಒಂದೇ ಸಮನೆ ಸುರಿದ ನೀರು. ಚೊಂಬಿಲ್ಲ, ಸೋಪಿಲ್ಲ. ಕಲ್ಲು ನಿಧಾನಕ್ಕೆ ಬೆಚ್ಚಗಾಯಿತು. ಅವನು ಅಭ್ಯಾಸಬಲದಿಂದ ಎರಡೂ ಪಾದ ಒತ್ತಿ, ಬಾಗಿಲ ಕಡೆ ನೋಡಿ, ಆಮೇಲೆ ಬೆಚ್ಚಿದ. ಹಳೇ ಬಚ್ಚಲಿಗೆ ಈಗ ಬಾಗಿಲಿಲ್ಲ, ನಿನ್ನೆಯೇ ಚೌಕಟ್ಟು ಸಮೇತ ಕಿತ್ತಿದ್ದಾರೆ. ಅಲ್ಲಿ ಯಾರು ಸ್ನಾನ ಮಾಡುತ್ತಾರೆ? ಮೇಲೆ ಎಲ್ಲರೂ ಮಲಗಿದ್ದಾರೆ. ಹಂಡೆ ತೊಳೆದ ನೀರಿರಬೇಕು. ತೊಳೆದ ನೀರು ಬಿಸಿಯಿರುತ್ತದೆಯೇ? ಹಂಡೆಯನ್ನು ಇನ್ನು ಮಾರುತ್ತಾರೇನೋ, ಮಾರುವ ಮೊದಲು ಸೋರುತ್ತದೆಯೋ ಎಂದು ನೋಡಿರಬೇಕು. ಈ ಹೊತ್ತಿನಲ್ಲಿ? ಹೆಂಗಸರ ಅಭ್ಯಾಸ, ಒಲೆ ಕಂಡರೆ ಹಚ್ಚುತ್ತಾರೆ, ನೀರು ಕಂಡರೆ ಚೆಲ್ಲುತ್ತಾರೆ. ಒಂದೊಂದು ಕಾರಣವನ್ನೂ ಎತ್ತಿ ಹಿಡಿದ, ಒಂದೊಂದೂ ಕೈಯಲ್ಲೇ ಮುರಿಯಿತು. ಆಗ, ಕರೆಯದೆ, ಇನ್ನೊಂದು ಚಳಿಗಾಲದ ಬೆಳಿಗ್ಗೆ ಬಂದು ಎದುರು ಕೂತಿತು. ಎರಡೂ ಕಾಲು ಮರಗಟ್ಟಿ ಗುಂಡಿಯಿಂದ ಏಳಲಾಗದೆ, ಕೂಗಲು ಮಾನ ಬಿಡದೆ, ಮೊಣಕೈಯೂರಿ ಹುಳುವಿನ ಹಾಗೆ ನೆಲದ ಮೇಲೆ ತೆವಳಿ ಬಂದ ಬೆಳಿಗ್ಗೆ. ಯಾರೂ ನೋಡಲಿಲ್ಲ ಎಂದು ಅವನು ನಂಬಿದ್ದ. ನಡುಮನೆಯ ಪರದೆ ಅಲ್ಲಾಡಿದ್ದು ಗಾಳಿಗೆ ಎಂದು ನಂಬಿದ್ದ. ಕೋಳಿ ಕೂಗುವ ಹೊತ್ತಿನ ನೀರು ಶುರುವಾದದ್ದು ಆ ಚಳಿಗಾಲದಿಂದ.

ಹಾಗಾದರೆ ಇಷ್ಟು ವರ್ಷ ಆ ಪರದೆಯ ಹಿಂದಿನವಳು, ಎಲ್ಲರಿಗಿಂತ ಮೊದಲು ಎದ್ದು, ಒಲೆ ಊದಿ, ಹಂಡೆ ಕಾಯಿಸಿ, ಯಾರ ಮೈಗೂ ತಾಗದ ನೀರನ್ನು ಸುಮ್ಮನೆ ತೂಬಿಗೆ ಸುರಿದಿದ್ದಾಳೆ. ಹೇಳಲು ಬಾಯಿ ಇರದವಳಿಗೆ ಪೈಪೊಂದು ಇತ್ತು. ಒಳಗಡೆ ಸೇರಿಸಿದರೆ ಅವರಿಗೇ ಅನುಕೂಲ ಎಂದಿದ್ದಳಲ್ಲ. ತಾನು ಕದ್ದದ್ದು ಎಂದುಕೊಂಡದ್ದು ಕೊಟ್ಟದ್ದಾಗಿತ್ತು. ಅವನಿಗೆ ಮೊದಲು ಬಂದದ್ದು ಸಿಟ್ಟು. ತೆವಳಿದ್ದನ್ನು ನೋಡಿದ್ದಳು. ನೋಡಿಯೂ ನೋಡದವಳಂತೆ ಇದ್ದಳು. ಎದುರಿಗೆ ಮರುಗಿದ್ದರೆ ಉಗಿದು ಕಳಿಸಬಹುದಿತ್ತು. ಹೀಗೆ ನೆಲದಡಿಯಿಂದ ಬಂದದ್ದನ್ನು ಏನು ಮಾಡುವುದು. ಬೆಚ್ಚಗಿನದು ಹಿಮ್ಮಡಿಯಿಂದ ಮೀನಖಂಡಕ್ಕೆ ಏರುತ್ತಿತ್ತು, ಅವನು ಕಾಲು ಎತ್ತಬೇಕೆಂದುಕೊಂಡ, ಎತ್ತಲಿಲ್ಲ.

ಬಿಸಿಲೇರಿದ ಮೇಲೆ ಮಾರುತೇಶ ಸಿಮೆಂಟಿನ ಚೀಲ ಹೊತ್ತು ಹಿಂದಕ್ಕೆ ಹೋದ. ಅವನದೂ ಲಕ್ಷ್ಮೀದೇವಿಯದೂ ಮಾತು ನಡುಮನೆ ದಾಟಿ ಕೇಳಿಸುತ್ತಿತ್ತು.

'ತೂಬು ಇವತ್ತೇ ಮುಚ್ಚಬೇಕೇನಪ್ಪ?'

'ಇಲ್ಲಾಂದ್ರೆ ಹೆಗ್ಗಣ ಬರ್ತಾವಕ್ಕ. ಸತ್ತ ಪೈಪು, ಬಾಯಿ ತಗದಿಟ್ರೆ ನಾತ ಬ್ಯಾರೆ.'

'ಈ ಚಳಿ ಮುಗೀಲಿ ಅಂದ್ರೆ?'

'ಪೈಪಿಗೇನಕ್ಕ ಚಳಿ?' ಮಾರುತೇಶ ತನ್ನ ಮಾತಿಗೆ ತಾನೇ ನಕ್ಕ.

'ಆಯ್ತು ಮುಚ್ಚು ಬಿಡಪ್ಪ' ಎಂದಳು.

ಕರಣೆಯ ಸದ್ದು ಶುರುವಾಯಿತು. ನಾಗೇಂದ್ರಪ್ಪ ಲಾಳಿ ಎಸೆದ, ಹಿಡಿದ, ಎಸೆದ. ಈಗ ಏನಾದರೂ ಹೇಳಬೇಕಾದರೆ ಯಾರಿಗೆ ಹೇಳಬೇಕು, ಏನೆಂದು. ನನ್ನ ಕಾಲಿಗೆ ಚಳಿಯಾಗುತ್ತದೆ ಎಂದು? ಇಡೀ ಬೀದಿಯೆದುರು ಪೈಪು ಹೊರಗೆ ಹಾಕಿಸಿದ ಮನುಷ್ಯ? ಬಿಡಪ್ಪ ಎಂದಳಲ್ಲ, ಅವಳೇ ಬಿಟ್ಟ ಮೇಲೆ ಮುಗಿಯಿತು. ಕರಣೆ ಒಂದು ಸಲ ಕಲ್ಲಿಗೆ ತಾಗಿ ಕಿರುಗುಟ್ಟಿತು. ಲಾಳಿ ಕೈತಪ್ಪಿ ಮಡಿಲಿಗೆ ಬಿತ್ತು. ಅವನು ಎರಡೂ ಕೈಯೂರಿ ಗುಂಡಿಯಿಂದ ಮೇಲೆದ್ದ.

ಹಳೇ ಬಚ್ಚಲಿಗೆ ಹೋದಾಗ ಲಕ್ಷ್ಮೀದೇವಿ ಸೆರಗು ಎಳೆದುಕೊಂಡು, ಬಾಗಿಲು ಕಿತ್ತ ಗೋಡೆಯ ಆಚೆ ಸರಿದಳು. ಮಾರುತೇಶ ಕರಣೆ ತೊಳೆಯುತ್ತಿದ್ದ. 'ತುಳೀಬ್ಯಾಡ್ರಿ ಯಜಮಾನ್ರೆ, ಹಸಿ ಐತೆ' ಎಂದ. ನಾಗೇಂದ್ರಪ್ಪ ಮೊಣಕಾಲೂರಿ ಕೂತು, ಜರಿ ಎಳೆ ಹಿಡಿಯುವ ಬೆರಳುಗಳನ್ನು ಹಸಿ ಸಿಮೆಂಟಿಗೆ ಇಳಿಸಿದ. ಬೊಗಸೆ ಬೊಗಸೆಯಾಗಿ ತೋಡಿ ಪಕ್ಕಕ್ಕೆ ಹಾಕಿದ. ಕೆಳಗೆ ತುರುಕಿದ್ದ ಗೋಣಿಯ ಉಂಡೆ ಸಿಕ್ಕಿತು, ಹಲ್ಲು ಕಚ್ಚಿ ಎಳೆದ.

'ಏನು ಬಿತ್ತು ಒಳಗೆ? ಉಂಗುರಾನಾ?' ಮಾರುತೇಶ ಗಾಬರಿಯಿಂದ ಬಗ್ಗಿದ.

ನಾಗೇಂದ್ರಪ್ಪನಿಗೆ ಏದುಸಿರು ಬಂದಿತ್ತು. ಬಾಗಿಲು ಕಿತ್ತ ಜಾಗದಿಂದ ಆಚೆ ಹಂಡೆಯ ಒಲೆಯಲ್ಲಿ ಕೆಂಡ ಇನ್ನೂ ಮಿಣುಕುತ್ತಿರುವುದು ಕಾಣುತ್ತಿತ್ತು.

'ಮಾರುತೇಶ' ಎಂದ. 'ಆ ಕಡೆ ನಿಂತಿರೋರಿಗೆ ಹೇಳು. ಹಂಡೇಲಿ ನೀರು ಉಳಿದಿದ್ರೆ ಇಲ್ಲಿ ಹಾಕಬೇಕಂತೆ ಅಂತ.'

ಮಾರುತೇಶ ಗೋಡೆಯ ಕಡೆ ತಿರುಗಿದ, ಆಗಲೇ ಕೇಳಿಸಿದ್ದನ್ನು ಮತ್ತೆ ಹೇಳುವುದೋ ಬೇಡವೋ ತಿಳಿಯದೆ. ಅಲ್ಲಿ ಬಳೆಯೊಂದು ಹಂಡೆಗೆ ತಾಗಿತು.

'ಈಗ್ಲೇನಾ ಯಜಮಾನ್ರೆ?'

'ಈಗಲ್ಲ' ಎಂದ ನಾಗೇಂದ್ರಪ್ಪ, ಗೋಡೆ ಹಿಡಿದು ಏಳುತ್ತ. 'ನಾನು ಹೋಗಿ ಕೂತ ಮೇಲೆ.'

ನಡುಮನೆಯಲ್ಲಿ ಶಶಿಕಾಂತ ಕನ್ನಡಕ ಹಣೆಗೇರಿಸಿ, 'ಏನಾತಣ್ಣ?' ಎಂದದ್ದು ಹಿಂದೆ ಉಳಿಯಿತು. ನಾಗೇಂದ್ರಪ್ಪ ಓಡುತ್ತಿರಲಿಲ್ಲ, ಆದರೆ ನಡೆಯುತ್ತಲೂ ಇರಲಿಲ್ಲ. ರಾಜಸ್ಥಾನದ ಕಲ್ಲಿನ ಮೇಲೆ ಸಿಮೆಂಟು ತೊಟ್ಟಿಕ್ಕುತ್ತಿತ್ತು, ಎಡಗಾಲು ಒಮ್ಮೆ ಜಾರಿ ಗೋಡೆಗೆ ಭುಜ ತಾಗಿತು. ಮಗ್ಗದ ಕೋಣೆಗೆ ಬಂದು, ಅಂಚಿನಲ್ಲಿ ಕೂತು, ಒಂದೊಂದೇ ಕಾಲನ್ನು ಗುಂಡಿಗೆ ಇಳಿಸಿ, ಕಡಪ ಕಲ್ಲಿನ ಮೇಲೆ ಎರಡೂ ಪಾದ ಜೋಡಿಸಿಟ್ಟ. ಎದುರಿಗೆ ತೇಜಶ್ರೀಯ ಸೀರೆ ಬಿಗಿಯಾಗಿ ಕಾಯುತ್ತಿತ್ತು. ಸಿಮೆಂಟು ಮೆತ್ತಿದ ಕೈಗಳನ್ನು ರೇಷ್ಮೆಗೆ ತಾಗದಂತೆ ಎರಡೂ ಬದಿಗೆ ಎತ್ತಿ ಹಿಡಿದ. ಲಾಳಿ ಮುಟ್ಟುವ ಹಾಗಿರಲಿಲ್ಲ. ಮಾಡಲು ಕೆಲಸವಿಲ್ಲದೆ, ಆ ಗುಂಡಿಯಲ್ಲಿ ಮೊದಲ ಸಲ ಸುಮ್ಮನೆ ಕೂತ. ಮನೆಯ ಹಿಂದೆ, ಒಂದೇ ಸಮನೆ, ನೀರು ಹೊರಟ ಸದ್ದಾಯಿತು.